ಎರವಲು ತಂದ ತಾಯಂದಿರು

ಹುಣಸೇಕುಂಟೆ, ಮಂಡಿಕಲ್ ಹೋಬಳಿ
ಚಿಕ್ಕಬಳ್ಳಾಪುರ ತಾಲ್ಲೂಕು
೮ ಫೆಬ್ರವರಿ ೨೦೨೫, ಶನಿವಾರ

ಪ್ರೀತಿಯ ಮಂಗಕ್ಕಾ,

ಹೇಗಿದ್ದೀಯ? ಯಾದಗಿರಿಯಲ್ಲಿ ಈಗಲೇ ಬಿಸಿಲು ಶುರುವಾಗಿದೆ ಎಂದು ಟಿ.ವಿ.ಯಲ್ಲಿ ಹೇಳಿದರು. ಬಿ.ಪಿ. ಮಾತ್ರೆ ತಪ್ಪಿಸಬೇಡ. ಮೊಣಕಾಲಿಗೆ ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಳ್ಳುತ್ತಿದ್ದೀಯೋ, ಇಲ್ಲಾ ಆ ತರಬೇತಿ ಹಾಸ್ಟೆಲಿನಲ್ಲಿ ಸಾಲು ನಿಂತು ತಣ್ಣೀರಿನಲ್ಲೇ ಮುಗಿಸುತ್ತಿದ್ದೀಯೋ? ಜೋಳದ ರೊಟ್ಟಿ ಒಗ್ಗಿದೆ ಎಂದು ನೀನು ವಾಟ್ಸಾಪಿನಲ್ಲಿ ಹಾಕಿದ್ದೆ. ಒಂದು ಹೊತ್ತು ಮುದ್ದೆ ಇಲ್ಲದಿದ್ದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದವಳು ನೀನು, ಮೂರು ವಾರಕ್ಕೆ ರೊಟ್ಟಿ ಒಗ್ಗಿತು ಎಂದರೆ ನಂಬುವುದು ಹೇಗೆ? ಕೆಂಪರಾಜು ಭಾವ ಚೆನ್ನಾಗಿದ್ದಾರೆ, ಅವರ ಚಿಂತೆ ಬೇಡ. ಮೊನ್ನೆ ಹುರುಳಿಕಾಳಿನ ಬಸ್ಸಾರು ಮಾಡಿ ಕಳಿಸಿದ್ದೆ. ಎರಡು ದಿನ ಅದನ್ನೇ ಬಿಸಿ ಮಾಡಿಕೊಂಡು ಉಂಡು, ಡಬ್ಬಿ ವಾಪಸ್ಸು ಕೊಡುವಾಗ, 'ಉಪ್ಪು ಒಂಚೂರು ಮುಂದಾಗಿತ್ತು ಕಲ್ಯಾಣಿ, ನಿಮ್ಮಕ್ಕ ಹಾಕೋದು ಸಮ ಇರುತ್ತೆ' ಎಂದರು. ನೋಡಿದೆಯಾ, ನಿನಗೂ ನನಗೂ ಹೋಲಿಕೆ ಸಾರಿನಿಂದಲೇ ಶುರು.

ಫೋನು ಬಿಟ್ಟು ಕಾಗದ ಯಾಕೆ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡಿದರೆ ಸಾಕು, ನೀನು 'ಗೊತ್ತಾಯ್ತು ಬಿಡೇ' ಎನ್ನುತ್ತೀಯ. ನಿನಗೆ ಗೊತ್ತಾಗಿರುವುದಿಲ್ಲ. ಆಮೇಲೆ ನಾನು ಕೂಗುತ್ತೇನೆ, ನೀನು ಸುಮ್ಮನಾಗುತ್ತೀಯ, ನೀನು ಸುಮ್ಮನಾದಷ್ಟೂ ನನಗೆ ಸಿಟ್ಟು ಜಾಸ್ತಿಯಾಗುತ್ತದೆ. ಕಾಗದದಲ್ಲಾದರೆ ಕೊನೆಯವರೆಗೂ ನಾನೊಬ್ಬಳೇ ಮಾತಾಡಬಹುದು. ಈ ವಾರ ನಮ್ಮೂರಲ್ಲಿ ಒಂದು ರಾಮಾಯಣ ನಡೆದಿದೆ, ಅದರಲ್ಲಿ ನನ್ನ ತಪ್ಪೂ ಇದೆ. ಯಾರಾದರೂ ನಿನ್ನ ಕಿವಿಗೆ ಹಾಕುವ ಮುಂಚೆ ನಾನೇ ಹೇಳಿಬಿಡುವುದು ವಾಸಿ. ನಿಧಾನವಾಗಿ ಓದು. ಪಕ್ಕದ ಮಂಚದವರಿಗೆ ಓದಿ ಹೇಳಬೇಡ.

ಮೊದಲು ಇದನ್ನು ಬರೆದು ಹಗುರಾಗುತ್ತೇನೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು, ಅಕ್ಕಾ. ಇಂದು ನಿನ್ನೆಯದಲ್ಲ, ಎರಡು ವರ್ಷದಿಂದ ಉರಿಯುತ್ತಿದೆ. ನೀನು ಕೊತ್ತಕುಂಟಹಳ್ಳಿಯ ಅಂಗನವಾಡಿ ಟೀಚರು, ನಾನು ಹುಣಸೇಕುಂಟೆಯ ಅಂಗನವಾಡಿ ಟೀಚರು. ನಡುವೆ ಮೂರು ಕಿಲೋಮೀಟರು. ಅದೇ ಇಲಾಖೆ, ಅದೇ ಸೀರೆ, ಅದೇ ಮೊಟ್ಟೆ, ಅದೇ ತೂಕದ ಯಂತ್ರ. ಆದರೆ ಅಂಗನವಾಡಿಗಳನ್ನು ಸುಧಾರಿಸುವ ಆ ಟ್ರಸ್ಟಿನವರು ಬಂದದ್ದು ನಿನ್ನ ಊರಿಗೆ. ಶಾಲೆಯ ಹೆಡ್‌ಮಾಸ್ತರು ಒಂದು ಕೊಠಡಿ ಬಿಟ್ಟುಕೊಟ್ಟರು, ಪಂಚಾಯ್ತಿಯವರು ಕಾಂಪೌಂಡು ಎತ್ತಿಸಿದರು, ಡೇರಿ ಕಾರ್ಯದರ್ಶಿ ಮುನಿನಾರಾಯಣಪ್ಪ ದಿನಾ ಹಾಲು ಕಳಿಸಲು ಒಪ್ಪಿದ, ಟ್ರಸ್ಟಿನವರು ಗೋಡೆಗೆ ಬಣ್ಣ ಬಳಿಸಿ, ಆಟದ ಸಾಮಾನು ತಂದು ನಿನಗೆ ತರಬೇತಿ ಕೊಟ್ಟರು. ಎಲ್ಲದಕ್ಕಿಂತ ದೊಡ್ಡದು ಆ ತಾಯಂದಿರ ಸರದಿ: ದಿನಕ್ಕೆ ಇಬ್ಬರು ತಾಯಂದಿರು ಬಂದು ಮಕ್ಕಳ ಜೊತೆ ಒಂದು ಗಂಟೆ ಕೂತು ಕಥೆ ಹೇಳುವುದು, ಕಾಳು ಬೇರ್ಪಡಿಸಿ ಆಡಿಸುವುದು. ಈಗ ನಿನ್ನ ಹತ್ತಿರ ಮೂವತ್ತೆಂಟು ಮಕ್ಕಳು. ಕಾನ್ವೆಂಟ್ ವ್ಯಾನು ನಿನ್ನ ಊರಿಗೆ ಬರುವುದನ್ನೇ ನಿಲ್ಲಿಸಿದೆ. ಆ ವ್ಯಾನು ಈಗ ನಮ್ಮೂರಲ್ಲಿ ಎರಡು ಸುತ್ತು ಹಾಕುತ್ತದೆ, ನನ್ನ ಹತ್ತಿರ ಉಳಿದಿರುವುದು ಒಂಬತ್ತು ಮಕ್ಕಳು.

ಪೇಪರಿನಲ್ಲಿ ನಿನ್ನ ಫೋಟೋ ಬಂದಿತ್ತಲ್ಲ, ಕಲೆಕ್ಟರ್ ಆಫೀಸಿನಲ್ಲಿ ಶಾಲು ಹೊದೆಸಿದ್ದು? ಅದರಲ್ಲಿ ನಿನ್ನ ಎಡಗಡೆ ಒಂದು ಮೊಣಕೈ ಕಾಣುತ್ತದೆ. ಆ ಮೊಣಕೈ ನನ್ನದು. ಊರಿನವರೆಲ್ಲ ನನಗೇ ತಂದು ತೋರಿಸಿದರು, 'ನಿಮ್ಮಕ್ಕ ನೋಡಮ್ಮ, ಎಷ್ಟ್ ಲಕ್ಷಣವಾಗವ್ರೆ' ಎಂದು. ನಾನು ನಕ್ಕೆ. ನಗದೆ ಏನು ಮಾಡಲಿ? ಊರವರದು ಹಾಗಿರಲಿ, ನನ್ನ ಮಗಳೇ ನನ್ನ ಬೆನ್ನಿಗೆ ಚೂರಿ ಹಾಕಿದಳಲ್ಲ. ನಮ್ಮ ಮನೆಯಿಂದ ಹತ್ತು ಹೆಜ್ಜೆಯಲ್ಲಿ ನನ್ನ ಅಂಗನವಾಡಿ ಇದೆ, ತನುಜ ಮಾತ್ರ ಮಗನನ್ನು ಗಂಡನ ಆಟೋ ಹತ್ತಿಸಿ ದಿನಾ ಮೂರು ಕಿಲೋಮೀಟರು ಆಚೆ ನಿನ್ನ ಹತ್ತಿರ ಕಳಿಸುತ್ತಾಳೆ. ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದೇನು ಗೊತ್ತಾ? 'ಅಮ್ಮಾ, ನಿನ್ನತ್ರ ಬಿಟ್ರೆ ಕೈ ಕಟ್ಟಿ ಕೂರೋದ್ ಕಲೀತಾನೆ, ದೊಡ್ಡಮ್ಮನತ್ರ ಬಿಟ್ರೆ ಮಾತಾಡೋದ್ ಕಲೀತಾನೆ.' ಹೆತ್ತ ಮಗಳು! ನಾಲ್ಕು ವರ್ಷದ ಚಿರಂಜೀವಿ ನನ್ನನ್ನು ಬರೀ ಅಜ್ಜಿ ಎನ್ನುತ್ತಾನೆ, ನಿನ್ನನ್ನು ಟೀಚರಜ್ಜಿ ಎನ್ನುತ್ತಾನೆ. ಹತ್ತೊಂಬತ್ತು ವರ್ಷದಿಂದ ಟೀಚರಾಗಿರುವ ನನಗೆ ನನ್ನ ಮೊಮ್ಮಗ ಆ ಪದವಿ ಕೊಡಲಿಲ್ಲ.

ನೀನು ಬೇರೆ ಜಿಲ್ಲೆಯ ಟೀಚರುಗಳಿಗೆ ಕಲಿಸಲು ಎರಡು ತಿಂಗಳು ಹೊರಟಾಗ ಸೂಪರ್‌ವೈಸರ್ ಮೇಡಂ, 'ನಿಮ್ಮಕ್ಕ ಬರೋವರ್ಗೂ ಅಲ್ಲೂ ನೀನೇ ನೋಡ್ಕೊಳ್ಳಮ್ಮ' ಎಂದು ನಿನ್ನ ಕೇಂದ್ರದ ಚಾರ್ಜನ್ನೂ ನನ್ನ ತಲೆಗೇ ಕಟ್ಟಿದರು. ಬೆಳಿಗ್ಗೆ ಹುಣಸೇಕುಂಟೆ, ಹನ್ನೊಂದರ ಮೇಲೆ ಕೊತ್ತಕುಂಟಹಳ್ಳಿ. ನಿಜ ಹೇಳಲಾ? ಒಳಗೊಳಗೇ ಖುಷಿಯಾಯಿತು. ನೀನಿಲ್ಲದೆ ಅಲ್ಲಿ ಎಲ್ಲ ಚೆಲ್ಲಾಪಿಲ್ಲಿಯಾಗುತ್ತದೆ, ತಾಯಂದಿರು ಒಬ್ಬೊಬ್ಬರಾಗಿ ಬಿಟ್ಟುಬಿಡುತ್ತಾರೆ, ಎಲ್ಲ ಟ್ರಸ್ಟಿನವರ ಬಣ್ಣದ ಮಹಿಮೆ ಎಂದು ಬಯಲಾಗುತ್ತದೆ ಎಂದುಕೊಂಡೆ. ಒಡಹುಟ್ಟಿದವಳು ಹೀಗೆಲ್ಲ ಆಸೆಪಡಬಾರದು, ಆದರೆ ಪಟ್ಟೆ. ಮೊದಲ ದಿನ ಬೇಕೆಂದೇ ಅರ್ಧ ಗಂಟೆ ತಡ ಮಾಡಿ ಹೋದೆ. ಬಾಗಿಲು ತೆಗೆದಿತ್ತು. ಮಕ್ಕಳು ಸುತ್ತ ಕೂತಿದ್ದರು, ಒಬ್ಬಳು ತಾಯಿ ಮೊಲದ ಕಥೆ ಹೇಳುತ್ತಿದ್ದಳು, ಇನ್ನೊಬ್ಬಳು ಹಾಲು ಕಾಯಿಸುತ್ತಿದ್ದಳು. ನನ್ನನ್ನು ನೋಡಿ, 'ಬನ್ನಿ ಕಲ್ಯಾಣಕ್ಕ, ಕೂತ್ಕೊಳಿ' ಎಂದು ಚಾಪೆಯ ಮೇಲೆ ಜಾಗ ಬಿಟ್ಟರು, ನಾನು ಮನೆಗೆ ಬಂದ ನೆಂಟಳು ಎಂಬ ಹಾಗೆ. ನಮ್ಮ ಚಿರು ಎದ್ದು ಬಂದು ಮೆಲ್ಲಗೆ, 'ಅಜ್ಜೀ, ಇಲ್ಲಿ ಕೋಲು ತರ್ಬಾರ್ದು' ಎಂದು ನನ್ನ ಕೈಯಿಂದ ಕೋಲನ್ನು ತೆಗೆದುಕೊಂಡು ಹೋಗಿ ಮೂಲೆಯಲ್ಲಿಟ್ಟ. ಹೊಡೆಯಲಿಕ್ಕಲ್ಲವೋ, ಚಾರ್ಟು ತೋರಿಸಲಿಕ್ಕೆ ಕಣೋ ಎಂದರೆ ಕೇಳಬೇಕಲ್ಲ. ನಾನು ಒಂದು ದಿನ ರಜೆ ಹಾಕಿದರೆ ನನ್ನ ಕೇಂದ್ರಕ್ಕೆ ಬೀಗ. ನೀನು ಎರಡು ತಿಂಗಳು ಇಲ್ಲದಿದ್ದರೂ ನಿನ್ನದು ನಡೆಯುತ್ತದೆ. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಟ್ರಸ್ಟಿನವರು ಈ ವರ್ಷ ನಮ್ಮ ಹೋಬಳಿಯಲ್ಲಿ ಇನ್ನೊಂದೇ ಒಂದು ಊರು ತೆಗೆದುಕೊಳ್ಳುತ್ತಾರೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಊರುಗಳು ಆಗಲೇ ಗೊತ್ತಾಗಿವೆ, ಇಲ್ಲಿಯದು ಮಾತ್ರ ಬಾಕಿ. ಸೂಪರ್‌ವೈಸರ್ ಮೇಡಂ ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದರು: 'ಒಂಬತ್ತು ಮಕ್ಕಳನ್ನಿಟ್ಕೊಂಡು ಎಷ್ಟು ದಿನಾಂತ ನಡ್ಸೋದು ಕಲ್ಯಾಣಿ? ಇದು ಸಿಕ್ರೆ ಸರಿ. ಸಿಗ್ಲಿಲ್ಲ ಅಂದ್ರೆ ಜೂನಲ್ಲಿ ನಿನ್ ಮಕ್ಕಳನ್ನೂ ಕೊತ್ತಕುಂಟಹಳ್ಳಿಗೇ ಸೇರ್ಸು ಅಂತಾರೆ.' ಅಂದರೆ ನನ್ನ ಅಂಗನವಾಡಿಯ ಬಾಗಿಲು ಮುಚ್ಚಿ, ನನ್ನ ಒಂಬತ್ತು ಮಕ್ಕಳೂ ಚಿರುವಿನ ಹಿಂದೆಯೇ ಆಟೋ ಹತ್ತಿ ನಿನ್ನ ಹತ್ತಿರ ಬರುವುದು. ಅವತ್ತೇ ಅರ್ಜಿ ಹಾಕಿದೆ. ಟ್ರಸ್ಟಿನಿಂದ ಶಿಡ್ಲಘಟ್ಟದ ಕಡೆ ನೋಡಿಕೊಳ್ಳುವ ಚೈತನ್ಯ ಮೇಡಂ ಬಂದು ನೋಡುತ್ತಾರೆ, ಅವರು ನೋಡುವುದು ಮುಖ್ಯವಾಗಿ ಒಂದನ್ನು, ತಾಯಂದಿರು ಬಂದು ಕೂರುತ್ತಾರೋ ಇಲ್ಲವೋ ಎಂದು ಹೇಳಿ ಕಳಿಸಿದರು.

ನನ್ನ ಬಾಗಿಲಿನ ನಿಯಮ ನಿನಗೆ ಗೊತ್ತೇ ಇದೆ. ತಾಯಂದಿರಾಗಲಿ, ಅಜ್ಜಿಯರಾಗಲಿ, ಹೊಸ್ತಿಲ ತನಕ. ಮಗುವನ್ನು ಅಲ್ಲಿ ಬಿಟ್ಟು ಹೋಗುವುದು, ಅಲ್ಲಿಂದಲೇ ಕರೆದುಕೊಂಡು ಹೋಗುವುದು. ಅದು ಹೇಗೆ ಶುರುವಾಯಿತು ಎಂಬುದನ್ನೂ ನೀನು ಬಲ್ಲೆ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಸಹಾಯಕಿ ಇನ್ನೂ ಬಂದಿರಲಿಲ್ಲ, ಅನ್ನ ಸಾರು ನಾನೇ ಮಾಡಿದ್ದೆ. ರಾಮಾಂಜಿನಪ್ಪನವರ ಹೆಂಡತಿ ಅಮ್ಮಾಜಮ್ಮ ಸೀದಾ ಒಳಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು, 'ಯಾರು ಮುಟ್ಟಿ ಮಾಡಿದ್ದಿದು?' ಎಂದು ಕೇಳಿ, ತಟ್ಟೆಯ ಮುಂದೆ ಕೂತಿದ್ದ ಮಗಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದಳು. ಆ ಮಗು ಬಾಯಲ್ಲಿದ್ದ ತುತ್ತನ್ನು ನುಂಗಿತೋ ಉಗುಳಿತೋ ಎಂದು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಮಾರನೆಯ ದಿನದಿಂದ ಯಾರನ್ನೂ ಒಳಗೆ ಬಿಡಲಿಲ್ಲ, ನಮ್ಮ ಕೇರಿಯವರನ್ನೂ ಬಿಡಲಿಲ್ಲ. ಈ ಊರಿನಲ್ಲಿ ಎಷ್ಟೋ ಹೊಸ್ತಿಲುಗಳ ಹೊರಗೆ ನಿಂತವರು ನಾವು, ಇದೊಂದು ಹೊಸ್ತಿಲಿನ ಒಳಗೆ ನಿಂತವಳು ನಾನು. ಆಗ ನೀನು ನಕ್ಕುಬಿಟ್ಟೆ. 'ಒಳಗೆ ಬರ್ಲಿ ಬಿಡೇ. ಮುಚ್ಚಳ ತೆಗ್ದೋಳ ಕೈಗೇ ಸೌಟು ಕೊಡು' ಎಂದೆ. ನಿನ್ನ ಊರಲ್ಲಿ ನೀನು ಹಾಗೇ ಮಾಡಿದೆ, ಗೆದ್ದೆ. ನನ್ನಿಂದ ಆಗಲಿಲ್ಲ. ಈಗ ಕಾಲ ಬದಲಾಗಿದೆ, ಅದೇ ಅಮ್ಮಾಜಮ್ಮನ ಮೊಮ್ಮಗಳು ನನ್ನ ಕೇಂದ್ರದಲ್ಲಿ ಎರಡೆರಡು ಸಲ ಸಾರು ಹಾಕಿಸಿಕೊಂಡು ಉಣ್ಣುತ್ತಾಳೆ. ಆದರೂ ನಿಯಮ ನಿಯಮವೇ ಆಗಿ ಉಳಿಯಿತು. ಹತ್ತೊಂಬತ್ತು ವರ್ಷ ಹೊಸ್ತಿಲಲ್ಲಿ ತಡೆದ ಹೆಂಗಸರನ್ನು ಈಗ ಯಾವ ಮುಖ ಇಟ್ಟುಕೊಂಡು ಬನ್ನಿ ಎನ್ನಲಿ? ಕರೆದರೆ ಬರುತ್ತಾರೆಯೇ? 'ಈಗ ನಾವ್ ಬೇಕಾದ್ವಾ ಮಿಸ್ಸು?' ಎಂದರೆ ಏನು ಹೇಳಲಿ?

ಅದಕ್ಕೆ ನಾನು ಒಂದು ಕೆಲಸ ಮಾಡಿದೆ. ಬೈಯುವುದಿದ್ದರೆ ಇಲ್ಲಿ ಬೈದುಕೋ. ನಿನ್ನ ಊರಿನ ಏಳು ಜನ ತಾಯಂದಿರನ್ನು ಎರವಲು ತಂದೆ. ಸಕ್ಕರೆ ಎರವಲು ತರುತ್ತಾರೆ, ಮದುವೆಗೆ ಒಡವೆ ಎರವಲು ತರುತ್ತಾರೆ, ತಪಾಸಣೆಯ ದಿನ ಪಕ್ಕದೂರಿನ ಮಕ್ಕಳನ್ನು ತಂದು ಕೂರಿಸಿದ ಟೀಚರುಗಳನ್ನೂ ನಾವಿಬ್ಬರೂ ಕಂಡಿದ್ದೇವೆ. ತಾಯಂದಿರನ್ನು ತಂದವಳು ನಾನೊಬ್ಬಳೇ ಇರಬೇಕು. ಅವರಿಗೆ, 'ನಮ್ಮೂರಲ್ಲಿ ಒಂದು ದಿನ ಮಾಡಿ ತೋರಿಸಿಕೊಡ್ರಮ್ಮ' ಎಂದೆ. ಪಾಪ, ನಂಬಿದರು. ಹಬ್ಬಕ್ಕೆ ಉಡುವ ಸೀರೆ ಉಟ್ಟು, ಹೂವು ಮುಡಿದು, ನಮ್ಮ ಅಳಿಯ ಜಗನ್ನನ ಆಟೋದಲ್ಲಿ ಒತ್ತಿಕೊಂಡು ಕೂತು ಬಂದರು. ಚೈತನ್ಯ ಮೇಡಂ ನಿನ್ನ ಕೇಂದ್ರಕ್ಕೆ ಯಾವತ್ತೂ ಬಂದವರಲ್ಲ, ಮುಖ ಗುರುತಿಲ್ಲ. ನಮ್ಮೂರಿನ ಹೆಂಗಸರೋ, ಸೇವಂತಿಗೆ ಬಿಡಿಸುವ ಕಾಲ, ಬೆಳಿಗ್ಗೆ ಆರಕ್ಕೆ ತೋಟಕ್ಕೆ ಹೋದರೆ ಹನ್ನೊಂದಕ್ಕೆ ಮುಂಚೆ ಬರುವುದಿಲ್ಲ. ಮೇಡಂ ಒಂಬತ್ತೂವರೆಗೆ ಬರುತ್ತೇನೆ ಎಂದಿದ್ದರು. ಹತ್ತೂವರೆಗೆ ಎಲ್ಲ ಮುಗಿದು ಆಟೋ ವಾಪಸ್ಸು ಹೋಗಿರುತ್ತದೆ ಎಂದು ಲೆಕ್ಕ ಹಾಕಿದ್ದೆ. ಸಹಾಯಕಿ ಚಿಕ್ಕವೆಂಕಟಮ್ಮ ಮಾತ್ರ, 'ಬೇಡ ಕಣಮ್ಮ, ಇದ್ಯಾಕೋ ಸರಿಗಾಣಲ್ಲ' ಎಂದಳು. ಅವಳ ಬಾಯಿ ಮುಚ್ಚಿಸಿದೆ.

ಮೊನ್ನೆ ಗುರುವಾರ. ಮೇಡಂ ಬಂದಿಳಿದಾಗ ಹನ್ನೊಂದು ಗಂಟೆ. ಬಸ್ಸು ತಪ್ಪಿತಂತೆ. ಚಿಕ್ಕ ವಯಸ್ಸಿನವರು, ಮೂವತ್ತೂ ಆಗಿಲ್ಲ, ಚಪ್ಪಲಿ ಹೊರಗೆ ಬಿಟ್ಟು ಬಂದು ಮಕ್ಕಳ ಚಾಪೆಯ ಮೇಲೇ ಕೂತರು. ನಿನ್ನ ಊರಿನ ತಾಯಂದಿರು ಒಳ್ಳೆಯ ಕೆಲಸಗಾರರು ಕಣಕ್ಕಾ, ಸುಳ್ಳು ಹೇಳಬಾರದು. ಒಬ್ಬಳು ಅವರೆಕಾಳು ಹರಡಿ ಎಣಿಸುವುದು ಹೇಳಿಕೊಟ್ಟಳು, ಇನ್ನೊಬ್ಬಳು ಅಮ್ಮಾಜಮ್ಮನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಗೆಯ ಕಥೆ ಶುರು ಮಾಡಿದಳು. ನನ್ನ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಮೇಡಂ ಬರೆದುಕೊಳ್ಳುತ್ತಿದ್ದರು. ಇನ್ನು ಹತ್ತೇ ಹತ್ತು ನಿಮಿಷ ಎಂದು ನಾನು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ. ಬುದ್ಧನಿಗೂ ಮುಗಿದೆ, ಮುರುಗಮಲ್ಲದ ದರ್ಗಾಕ್ಕೂ ಮುಗಿದೆ. ಅಷ್ಟರಲ್ಲಿ ಬಾಗಿಲಲ್ಲಿ ಕತ್ತಲಾಯಿತು. ತಿರುಗಿ ನೋಡಿದರೆ ನಮ್ಮೂರಿನ ಹೆಂಗಸರು. ತಲೆಗೆ ಟವೆಲು ಸುತ್ತಿಕೊಂಡು, ಕೈಯೆಲ್ಲ ಸೇವಂತಿಗೆಯ ಹಸಿರು ಕರೆ ಮಾಡಿಕೊಂಡು, ತೋಟದಿಂದ ಬಂದವರು ಮಕ್ಕಳನ್ನು ನೋಡಿ ಹೋಗೋಣ ಎಂದು ನಿಂತಿದ್ದರು. ಸರಿಯಾಗಿ ಹೊಸ್ತಿಲಿನ ಆಚೆ. ನನ್ನ ನಿಯಮ ಮುರಿಯದೆ.

ಮುಂದೆ ನಿಂತಿದ್ದವಳು ಮಾಲಾ, ಅಮ್ಮಾಜಮ್ಮನ ಸೊಸೆ. ಅವಳ ಕಣ್ಣು ಸೀದಾ ಮಗಳ ಮೇಲೆ ಬಿತ್ತು, ಆಮೇಲೆ ಮಗಳು ಕೂತಿದ್ದ ತೊಡೆಯ ಮೇಲೆ, ಆಮೇಲೆ ಆ ತೊಡೆಯವಳ ಮುಖದ ಮೇಲೆ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷದಿಂದ ಚಿರುವನ್ನು ಆಟೋ ಹತ್ತಿಸುವಾಗಲೆಲ್ಲ ನನ್ನ ಮುಖದಲ್ಲಿ ಇರುವ ನೋಟ ಅದೇ. 'ಏನ್ ಕಲ್ಯಾಣಿ ಮಿಸ್ಸು,' ಎಂದಳು, ಊರಿಗೆಲ್ಲ ಕೇಳುವ ಹಾಗೆ, 'ನಮ್ ಮಕ್ಳಿಗೆ ಕತೆ ಹೇಳಕ್ಕೆ ಕೊತ್ತಕುಂಟಹಳ್ಳಿಯಿಂದ ಜನ ತರ್ಸಿದ್ದೀರಾ? ಯಾಕೆ, ನಮಗೇನ್ ಬಾಯ್ ಬಿದ್ದೋಗಿದ್ಯಾ?' ನಾನು ಬಾಯಿ ತೆರೆಯುವ ಮುಂಚೆ ಹೊಸ್ತಿಲು ದಾಟಿದಳು. ಮಗಳನ್ನು ಎತ್ತಿಕೊಂಡಳು. ನಾನು ಅಲ್ಲಿಗೆ ಎಲ್ಲ ಮುಗಿಯಿತು, ಮಗುವನ್ನು ಎತ್ತಿಕೊಂಡು ಹೋಗುತ್ತಾಳೆ, ಅತ್ತೆ ಮಾಡಿದ್ದನ್ನೇ ಸೊಸೆಯೂ ಮಾಡುತ್ತಾಳೆ ಎಂದುಕೊಂಡೆ. ಅವಳು ಹೋಗಲಿಲ್ಲ. ಅಲ್ಲೇ ದೊಪ್ಪನೆ ಕೂತಳು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, 'ಅನಗನಗಾ ಒಕ ಊರ್ಲೋ' ಎಂದು ಅವಳ ತವರಿನ ತೆಲುಗಿನಲ್ಲಿ ಕಥೆ ಶುರು ಮಾಡಿಯೇಬಿಟ್ಟಳು. ದುರಾಸೆಯ ನರಿಯೊಂದು ಬಾವಿಗೆ ಬಿದ್ದ ಕಥೆ, ನಡುನಡುವೆ ಕನ್ನಡ, ನಡುನಡುವೆ ನರಿಯ ಕೂಗು. ಒಂಬತ್ತು ಮಕ್ಕಳೂ ನಿನ್ನ ಊರಿನವರನ್ನು ಬಿಟ್ಟು ಅವಳ ಸುತ್ತ ಸೇರಿದರು. ಅದನ್ನು ನೋಡಿ ಹಿಂದೆ ನಿಂತಿದ್ದವರಿಗೆ ತಡೆಯಲಾಗಲಿಲ್ಲ. ಒಬ್ಬೊಬ್ಬರೇ ಕಾಲು ಒರೆಸಿಕೊಂಡು ಒಳಗೆ ಬಂದರು, ನಮ್ಮ ಕೇರಿಯವರೂ ಬಂದರು, ಗೌಡರ ಮನೆಯವರೂ ಬಂದರು. ನನಗಿಂತ ಅವಳ ಕಥೆ ಏನು ಹೆಚ್ಚು ಎಂದು ಒಬ್ಬಳು ಹಾಡು ಹೇಳಿದಳು, ಅವಳಿಗಿಂತ ನಾನೇನು ಕಡಿಮೆ ಎಂದು ಇನ್ನೊಬ್ಬಳು ಒಗಟು ಹಾಕಿದಳು. ನಿನ್ನ ಊರಿನ ತಾಯಂದಿರು ನಗುತ್ತಾ ಗೋಡೆಯ ಪಕ್ಕ ಸರಿದು ಜಾಗ ಬಿಟ್ಟರು. ಅವರ ಮುಖದಲ್ಲಿ ಕಪಟ ಇರಲಿಲ್ಲ. ಮೋಸ ಮಾಡಿದವಳು ನಾನೊಬ್ಬಳೇ ಎಂದು ಆಗ ಚೆನ್ನಾಗಿ ಗೊತ್ತಾಯಿತು.

ಮೇಡಂ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. ಸುಳ್ಳು ಹೇಳಲು ಇನ್ನೇನೂ ಉಳಿದಿರಲಿಲ್ಲ. ಎಲ್ಲ ಹೇಳಿದೆ: ಏಳು ಜನ ಪಕ್ಕದೂರಿನವರು, ಕರೆತಂದವಳು ನಾನು, ಇವರಿಗೆ ನಿಜ ಗೊತ್ತಿಲ್ಲ, ನನ್ನ ಊರಿನವರನ್ನು ಕರೆಯಲು ನನಗೆ ಬಾಯಿ ಬರಲಿಲ್ಲ ಎಂದು. ಕೆಲಸ ಹೋದರೆ ಹೋಗಲಿ ಎನಿಸಿತ್ತು. ಆಕೆ ಬೈಯಲಿಲ್ಲ, ಹೊಗಳಲೂ ಇಲ್ಲ. 'ಬಣ್ಣ, ಆಟದ ಸಾಮಾನು ನಾವ್ ಕೊಡ್ತೀವಿ ಕಲ್ಯಾಣಿಯವರೇ, ಬಾಗಿಲು ನೀವೇ ತೆಗೀಬೇಕು' ಎಂದರು. ಎಲ್ಲರ ಜೊತೆ ಕೂತು ಅನ್ನ ಸಾರು ಉಂಡರು. ಉಪ್ಪು ಸಮ ಇತ್ತು ಎಂದರು, ಭಾವನಿಗೆ ಹೇಳು. ಊರಿನ ವಿಷಯ ಏನೂ ತೀರ್ಮಾನ ಹೇಳದೆ ಹೊರಟರು.

ಅಕ್ಕಾ, ಇದು ಇಲ್ಲಿಗೆ ಮುಗಿದು, ನಾನು ಬದಲಾದೆ, ನನ್ನ ಹೊಟ್ಟೆಕಿಚ್ಚು ಆರಿತು ಎಂದು ಬರೆದರೆ ನೀನು ನಂಬುವವಳಲ್ಲ. ಮಾಲಾ ಕೂತು ಕಥೆ ಹೇಳಿದಳಲ್ಲ, ಮಕ್ಕಳು ಬಿದ್ದು ಬಿದ್ದು ನಕ್ಕರಲ್ಲ, ಆಗ ನನಗೇನಾಯಿತು ಗೊತ್ತಾ? ಸಂತೋಷವಾಗಲಿಲ್ಲ. ಅವಳ ಮೇಲೂ ಹೊಟ್ಟೆ ಉರಿಯಿತು. ನನ್ನ ಹತ್ತಿರ ಆ ಮಕ್ಕಳು ಹಾಗೆ ನಕ್ಕಿದ್ದನ್ನು ನಾನು ಕಂಡಿಲ್ಲ. ಅವತ್ತು ಕೂತು ಯೋಚಿಸಿದೆ. ಪಾತ್ರೆಯ ಮುಚ್ಚಳದ ಕಥೆ ನಿಜ, ಆ ನೋವು ನಿಜ. ಆದರೆ ಹತ್ತೊಂಬತ್ತು ವರ್ಷ ಅದನ್ನೇ ಮುಂದೆ ಹಿಡಿದು ಬಾಗಿಲು ಕಾದದ್ದಕ್ಕೆ ಇನ್ನೊಂದು ಕಾರಣ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ತಾಯಂದಿರು ಹೊಸ್ತಿಲಿನ ಆಚೆ ಇದ್ದಷ್ಟು ಹೊತ್ತು ಆ ಮಕ್ಕಳು ನನ್ನವರು. ಬೆಳಿಗ್ಗೆ ಒಂಬತ್ತೂವರೆಯಿಂದ ನನ್ನನ್ನು ಬಿಟ್ಟು ಅವರಿಗೆ ಯಾರೂ ಇಲ್ಲ. ಬಿದ್ದರೆ ನನ್ನ ಸೆರಗು, ಹಸಿದರೆ ನನ್ನ ಕೈ. ತಾಯಿ ಒಳಗೆ ಬಂದರೆ ನಾನು ಯಾರು? ಇದನ್ನು ನೀನು ಯಾವತ್ತೂ ಕೇಳಿಕೊಂಡಿರಲಾರೆ, ನಿನ್ನ ಹತ್ತಿರ ಬಂದ ಮಗು ಅಮ್ಮ ಪಕ್ಕದಲ್ಲಿದ್ದರೂ ನಿನ್ನ ಹತ್ತಿರವೇ ಬರುತ್ತದೆ. ನನಗೆ ಆ ನಂಬಿಕೆ ಇಲ್ಲ.

ನಿನ್ನೆ ಶುಕ್ರವಾರ ಏನಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ. ಹನ್ನೊಂದಕ್ಕೆ ಮಾಲಾ, ಅವಳ ಜೊತೆ ಇನ್ನಿಬ್ಬರು ಕರೆಯದೆಯೇ ಬಂದರು. ತೋಟದಿಂದ ಬಂದು ಕೈಕಾಲು ತೊಳೆದು, ಬೇರೆ ಸೀರೆ ಉಟ್ಟುಕೊಂಡು ಬಂದಿದ್ದರು. ಮಾಲಾ ಕೈಯಲ್ಲಿ ಒಂದು ಬೊಗಸೆ ಹುಣಸೇಬೀಜ, ಮಕ್ಕಳಿಗೆ ಎಣಿಸಲು. ನಾನು ಬಾಗಿಲಲ್ಲಿ ನಿಂತಿದ್ದೆ. ಬನ್ನಿ ಎಂದು ಒಂದು ಮಾತು ಹೇಳಿದರೆ ಆಗಿತ್ತು. ನನ್ನ ನಾಲಿಗೆ, 'ಇವತ್ತು ಮಕ್ಕಳ ತೂಕ ಹಾಕೋ ದಿನ ಕಣ್ರಮ್ಮ, ಇನ್ನೊಂದ್ ದಿನ ಬನ್ನಿ' ಎಂದಿತು. ತೂಕ ಹಾಕಿ ವಾರವಾಗಿತ್ತು. ಮಾಲಾಗೂ ಅದು ಗೊತ್ತು, ಅವಳ ಮಗಳ ಕಾರ್ಡಿನಲ್ಲಿ ನಾನೇ ಬರೆದುಕೊಟ್ಟಿದ್ದೆ. ಅವಳು ಬೀಜಗಳನ್ನು ಹೊಸ್ತಿಲ ಮೇಲೆ ಇಟ್ಟು ಹೋದಳು. ಚಿಕ್ಕವೆಂಕಟಮ್ಮ ಅವನ್ನು ಎತ್ತಿಕೊಂಡು ಒಳಗೆ ಹೋಗಿ ಮಕ್ಕಳ ಮುಂದೆ ಹರಡಿದಳು.

ಕಾಗದ ಉದ್ದವಾಯಿತು, ಬೆರಳು ನೋಯುತ್ತಿದೆ. ನಿನ್ನ ಊರಿನ ಆ ಏಳು ಜನರ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡಿದ್ದೇನೆ. 'ಅಯ್ಯೋ ಬಿಡಿ ಕಲ್ಯಾಣಕ್ಕ, ಆಟೋದಲ್ಲಿ ಚೆನ್ನಾಗಿತ್ತು' ಎಂದರು. ನಿನ್ನ ಕೇಂದ್ರ ಎಂದಿನಂತೆ ಚೆನ್ನಾಗಿಯೇ ನಡೆಯುತ್ತಿದೆ, ಅದನ್ನು ಹೇಳಲು ನನಗೆ ಸಂಕಟವಾದರೂ. ತನುಜ, ಜಗನ್ ನಿನ್ನನ್ನು ಕೇಳಿದ್ದಾರೆ. ಚಿರು ಟೀಚರಜ್ಜಿ ಯಾವಾಗ ಬರುತ್ತಾಳೆ ಎಂದು ದಿನಾ ನನ್ನನ್ನೇ ಕೇಳುತ್ತಾನೆ, ಬೇರೆ ಯಾರೂ ಸಿಗುವುದಿಲ್ಲ ಅವನಿಗೆ. ಅಲ್ಲಿಯ ಟೀಚರುಗಳಿಗೆ ನನ್ನ ನಮಸ್ಕಾರ ಹೇಳು. ಬಿಸಿಲಲ್ಲಿ ತಿರುಗಬೇಡ. ಮಾತ್ರೆ, ಎಣ್ಣೆ, ಎರಡೂ ನೆನಪಿರಲಿ. ನೀನು ಚೆನ್ನಾಗಿರು, ನಾನು ಉರಿಯುತ್ತಿದ್ದರೂ ನೀನು ಚೆನ್ನಾಗಿಯೇ ಇರಬೇಕು.

ಜೈ ಭೀಮ್.

ನಿನ್ನ ತಂಗಿ,
ಕಲ್ಯಾಣಿ

ಮರೆತಿದ್ದೆ. ಮರೆತಿದ್ದೆ ಎನ್ನುವುದು ಸುಳ್ಳು, ಬರೆಯಲು ಕೈ ಬರಲಿಲ್ಲ. ಜಗನ್ ಸ್ಪೀಡ್ ಪೋಸ್ಟಿಗೆ ಹಾಕಲು ಹೊರಟು ಹಾರನ್ ಹೊಡೆಯುತ್ತಿದ್ದಾನೆ. ಚೈತನ್ಯ ಮೇಡಂ ಹದಿನೇಳನೇ ತಾರೀಖು ಸೋಮವಾರ ನಿನಗೆ ಫೋನು ಮಾಡುತ್ತಾರೆ. ಹೊರಡುವಾಗ ನನಗೆ ಹೇಳಿಯೇ ಹೋದರು, ಒಂದೇ ಒಂದು ಪ್ರಶ್ನೆ ಕೇಳುತ್ತಾರಂತೆ: 'ನಾವು ಹೋದ್ಮೇಲೂ ನಿಮ್ ತಂಗಿ ತಾಯಂದಿರನ್ನ ಒಳಗೆ ಬಿಡ್ತಾರಾ?' ನೀನು ಏನು ಹೇಳುತ್ತೀಯೋ ಅದರ ಮೇಲೆ ಊರಿನ ತೀರ್ಮಾನ. ನನ್ನನ್ನು ಕೇಳಿದ್ದರೆ ಏನು ಹೇಳಬೇಕೋ ನನಗೇ ಗೊತ್ತಿಲ್ಲ, ನಿನ್ನೆ ಮಾಡಿದ್ದನ್ನು ಬರೆದಿದ್ದೇನಲ್ಲ. ನೀನು 'ಬಿಡ್ತಾಳೆ' ಅಂದುಬಿಡು ಅಕ್ಕಾ. ಹುಟ್ಟಿದಾಗಿನಿಂದ ನಿನ್ನ ಮಾತು ಒಂದು ಸಲವಾದರೂ ಸುಳ್ಳಾಗಲಿ ಎಂದು ಕಾದವಳು ನಾನು. ಇದೊಂದನ್ನು ಸುಳ್ಳಾಗಲು ಬಿಡುವುದಿಲ್ಲ.